ಅಕ್ಕನನ್ನು ಕೂರಿಸಬೇಡ

ಅಳಿಯಾ,

ಹಸು ಮಾರಿ ಅಮ್ಮನನ್ನು ಬೆಂಗಳೂರಿಗೆ ಕರಕೊಂಡು ಹೋಗುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದಾಗ ನಾನು ಏನೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೀಯ ಅಂತ ಈ ಕಾಗದ. ತೀರ್ಮಾನ ನಿಮ್ಮಿಬ್ಬರದು, ನಾನು ಅಡ್ಡ ಬರುವವನಲ್ಲ. ಆದರೆ ‘ಇನ್ನು ಅಮ್ಮ ಆರಾಮಾಗಿ ಕೂತಿರಲಿ’ ಅಂದೆಯಲ್ಲ, ಅದು ಕೇಳಿ ಮೈ ಉರಿಯಿತು.

ನಿನ್ನಜ್ಜ ಎಪ್ಪತ್ತು ದಾಟಿದ ಮೇಲೂ ಹಾಳೆಟೊಪ್ಪಿ ಹಾಕಿಕೊಂಡು ತೋಟಕ್ಕೆ ಇಳಿಯುತ್ತಿದ್ದರು. ಬಿದ್ದ ಅಡಿಕೆ ಹೆಕ್ಕಲು ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು, ಬೆಳಗೆಲ್ಲ ಅದೇ. ಒಂದು ಮಳೆಗಾಲ ಟೈಫಾಯ್ಡ್ ಹಿಡಿಯಿತು. ಜ್ವರ ಬಿಟ್ಟ ಮೇಲೂ ದೊಡ್ಡಣ್ಣ ಅಪ್ಪಯ್ಯನನ್ನು ಏಳಗೊಡಲಿಲ್ಲ. ಪ್ರೀತಿಯಿಂದಲೇ ಅನ್ನು. ಜಗಲಿಯಲ್ಲಿ ಆರಾಮಕುರ್ಚಿ, ಕೂತಲ್ಲಿಗೇ ಗಂಜಿ, ಕೂತಲ್ಲಿಗೇ ಕಾಫಿ. ದೀಪಾವಳಿ ಹೊತ್ತಿಗೆ ಮೀನಖಂಡ ಜೋತುಬಿದ್ದಿತ್ತು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕುರ್ಚಿಯ ಕೈಗಳನ್ನು ಒತ್ತಿ ಹಿಡಿಯದೆ ಏಳಲಾಗುತ್ತಿರಲಿಲ್ಲ. ಆ ಚಳಿಗಾಲದಲ್ಲೇ ಬಚ್ಚಲ ಹೊಸ್ತಿಲು ಎಡವಿ ಸೊಂಟದ ಮೂಳೆ ಮುರಿಯಿತು. ಮಲಗಿದಲ್ಲೇ ನ್ಯುಮೋನಿಯಾ. ಯುಗಾದಿಗೆ ಅಪ್ಪಯ್ಯ ಇರಲಿಲ್ಲ. ಬಂದವರೆಲ್ಲ ‘ವಯಸ್ಸಾಗಿತ್ತಲ್ಲ’ ಅಂದರು. ಅವರನ್ನು ತಿಂದದ್ದು ಆ ಕುರ್ಚಿ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಇದು ಮುದುಕನ ಗೊಣಗಾಟ ಅನ್ನಬೇಡ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿದುಕೊಂಡ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ನಮ್ಮ ದೇಶವೂ ಸೇರಿ 17 ದೇಶಗಳ ಸುಮಾರು 1,40,000 ಜನರ ಕೈಹಿಡಿತ ಅಳೆದ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತ್ತು. ಸಾವಿನ ಮುನ್ಸೂಚನೆ ಕೊಡುವುದರಲ್ಲಿ ಬಿಪಿಯ ಮೇಲಿನ ಅಂಕಿಗಿಂತ ಹಿಡಿತದ ಬಲವೇ ಮುಂದಿತ್ತಂತೆ. ಹಿಡಿತ ಬರೀ ಗುರುತು. ಮೈಯಲ್ಲಿ ಎಷ್ಟು ಕಸುವು ಉಳಿದಿದೆ ಅಂತ ತೋರಿಸುತ್ತದೆ, ಅಷ್ಟೆ. ದಿನಕ್ಕೆರಡು ಹೊತ್ತು ಹಾಲು ಕರೆಯುವ ನಿನ್ನಮ್ಮನ ಕೈಯನ್ನು ಒಮ್ಮೆ ಹಿಡಿದು ನೋಡು, ನಿನ್ನ ಬೆರಳು ನೋಯುತ್ತವೆ.

ಹಾಗಂತ ಬಿಪಿ ಮಾತ್ರೆ ತಪ್ಪಿಸಕೂಡದು. 

ನೀನು ಮಾಡುತ್ತಿರುವುದೇನು? ಪ್ರೋಟೀನ್ ಪೌಡರಿನ ಡಬ್ಬ ಕಳಿಸುತ್ತೀಯ, ಕಣ್ಣಿನ ಪೊರೆ ತೆಗೆಸು ಅಂದರೆ ‘ಮುಂದಿನ ರಜೆಗೆ’ ಅನ್ನುತ್ತೀಯ. ಮಂಜುಗಣ್ಣಿಗೆ ಮೆಟ್ಟಿಲು ಕಾಣುತ್ತದೇನೋ? ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಲಿಲ್ಲ. ಬೆಂಗಳೂರಿನಲ್ಲಿ ನಿನ್ನ ಹನ್ನೊಂದನೇ ಮಹಡಿಯ ಮನೆಯಲ್ಲಿ ಅವಳು ಯಾರ ಹತ್ತಿರ ಮಾತಾಡಬೇಕು, ಲಿಫ್ಟಿನ ಹತ್ತಿರವೇ? ಒಂಟಿತನವೂ ಆಯಸ್ಸನ್ನು ತಿನ್ನುತ್ತದೆ, ಮಾರಾಯ.

ಬೇಜಾರು ಮಾಡಿಕೊಳ್ಳಬೇಡ. ರಾತ್ರಿ ಅವಳಿಗೇನಾದರೂ ಆದರೆ ಅನ್ನುವ ನಿನ್ನ ಭಯ ನನಗೂ ಇದೆ. ರಾತ್ರಿ ಜೊತೆಗೆ ಮಲಗಲು ಯಾರನ್ನಾದರೂ ಗೊತ್ತುಮಾಡೋಣ. ಎರಡು ಹಸುವಿನಲ್ಲಿ ಹಾಯುವುದನ್ನು ಬೇಕಾದರೆ ಕೊಟ್ಟುಬಿಡು, ಸಾಧುವಾದದ್ದು ಇರಲಿ. ಪೊರೆ ಆಪರೇಷನ್ನಿಗೆ ತಾರೀಖು ಗೊತ್ತುಮಾಡಿ ಫೋನ್ ಮಾಡು. ಅವಳು ಬಗ್ಗಬಾರದು ಅನ್ನುವಷ್ಟು ದಿನ ಕೊಟ್ಟಿಗೆ ನಾನೇ ನೋಡಿಕೊಳ್ಳುತ್ತೇನೆ.

ನಿನ್ನ ಮಾವ