ಚಿಲಕದ ಆಚೆಗಿನ ಭಯ

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಒಬ್ಬಳೇ ಮಗಳು, ಹೋದ ವರ್ಷ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಪಿ.ಜಿ.ಯಲ್ಲಿದ್ದಾಳೆ. ನನಗೆ ಮೊದಲಿನಿಂದಲೂ ಸಸ್ಪೆನ್ಸ್ ಸಿನಿಮಾ ಎಂದರೆ ಪ್ರಾಣ. ನಾವು ಆರು ಜನ ಗೆಳತಿಯರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ಯಾವುದು ನೋಡಬೇಕು, ಕೊಲೆಗಾರ ಯಾರೆಂದು ಯಾರಿಗೆ ಮೊದಲು ಹೊಳೆಯಿತು ಎಂದೆಲ್ಲ ಹರಟುತ್ತೇವೆ. ಈಚೆಗೆ ಸಿನಿಮಾ ಕಡಿಮೆಯಾಗಿ, ನಿಜವಾಗಿ ನಡೆದ ಕೊಲೆಗಳ ಸಾಕ್ಷ್ಯಚಿತ್ರ, ಯೂಟ್ಯೂಬ್ ಕ್ರೈಂ ಕಥೆಗಳೇ ಹೆಚ್ಚಾಗಿವೆ. ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ರಾತ್ರಿ ಒಂದರ ತನಕ ನೋಡುತ್ತೇನೆ. ಆಮೇಲೆ ನಿದ್ದೆ ಬರುವುದಿಲ್ಲ. ಎದೆ ಡವಗುಟ್ಟುತ್ತದೆ, ಎದ್ದೆದ್ದು ಹೋಗಿ ಚಿಲಕ ನೋಡಿ ಬರುತ್ತೇನೆ. ಮಗಳಿಗೆ ದಿನಕ್ಕೆ ಏಳೆಂಟು ಸಲ ಫೋನ್ ಮಾಡುತ್ತೇನೆ. ಅವಳು ಸಿಟ್ಟಿಗೆದ್ದು ಲೊಕೇಶನ್ ಕಾಣದ ಹಾಗೆ ಮಾಡಿಬಿಟ್ಟಿದ್ದಾಳೆ. ಯಜಮಾನರು "ದಿನಾ ಹೆಣ ನೋಡಿ ನೋಡಿ ನಿಂಗೆ ತಲಿ ಕೆಟ್ಟೈತಿ" ಅನ್ನುತ್ತಾರೆ. ಹೋದ ತಿಂಗಳು ನಮ್ಮ ಕಡೆಯೇ ಒಬ್ಬ ಹೆಣ್ಣುಮಗಳ ಕೊಲೆಯಾಯಿತು. ಅದನ್ನೂ ಗ್ರೂಪಿನಲ್ಲಿ ಸಿನಿಮಾ ಕಥೆಯ ಹಾಗೆ ಬಿಡಿಸುತ್ತಾ ಕೂತೆವು. ಒಬ್ಬ ಗೆಳತಿ ಮಾತಿಲ್ಲದೆ ಗ್ರೂಪ್ ಬಿಟ್ಟಳು. ಸತ್ತವಳು ಅವಳ ತವರಿನ ಕಡೆಯವಳಂತೆ. ನನ್ನ ಮನಸ್ಸು ವಿಕಾರವಾಗಿದೆಯೇ? ಎಲ್ಲ ನೋಡುವುದನ್ನೂ ಬಿಟ್ಟುಬಿಡಲೇ?
—ಹೆಸರು ಬೇಡ, ದಾವಣಗೆರೆ

ಉತ್ತರ: ವಿಕಾರವೇನೂ ಆಗಿಲ್ಲ. ಕೊಲೆಯ ಕಥೆ ಬಗೆಗಿನ ಕುತೂಹಲ ಓಟಿಟಿ ತಂದ ಕಾಯಿಲೆಯಲ್ಲ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಬಾಡಿಗೆ ಲೈಬ್ರರಿಯಿಂದ ಅವನ್ನು ತಂದು, ಒಲೆಯ ಮೇಲೆ ಸಾರು ಕುದಿಯುವಷ್ಟರಲ್ಲಿ ನಾಲ್ಕು ಪುಟ ಓದುತ್ತಿದ್ದ ಗೃಹಿಣಿಯರು ನಿಮ್ಮ ಅಮ್ಮಂದಿರ ಕಾಲದಲ್ಲಿ ಬೇಕಾದಷ್ಟಿದ್ದರು. ಅವರ್ಯಾರೂ ಯಾರನ್ನೂ ಕೊಲ್ಲಲಿಲ್ಲ. 2014ರ 'ದೃಶ್ಯ'ದಲ್ಲಿ ರವಿಚಂದ್ರನ್ ಕೊಲೆಯನ್ನು ಮುಚ್ಚಿಹಾಕುವಾಗ ಇಡೀ ಥಿಯೇಟರ್ ಅವನ ಪರವಾಗಿ ಉಸಿರು ಬಿಗಿಹಿಡಿದಿತ್ತು. ನಿಮ್ಮ ಯಜಮಾನರೂ ಆವತ್ತು ಪಕ್ಕದ ಸೀಟಿನಲ್ಲಿದ್ದಿರಬಹುದು, ಒಮ್ಮೆ ಕೇಳಿ ನೋಡಿ.

ನಿಜವಾದ ಅಪರಾಧದ ಕಥೆಗಳತ್ತ ಹೆಂಗಸರೇ ಹೆಚ್ಚು ವಾಲುತ್ತಾರೆ ಎಂಬುದನ್ನು ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2010ರಲ್ಲಿ ತೋರಿಸಿದರು. ಬಲಿಯಾಗಬೇಕಿದ್ದವಳು ತಪ್ಪಿಸಿಕೊಂಡ ಉಪಾಯ ಇರುವ ಪುಸ್ತಕಗಳ ಮೇಲೆ ಆಸಕ್ತಿ ಇನ್ನೂ ಹೆಚ್ಚು. ನಾಳೆ ನನಗೇ ಹೀಗಾದರೆ ಏನು ಮಾಡಲಿ ಎಂಬ ಲೆಕ್ಕಾಚಾರ ಒಳಗೊಳಗೇ ನಡೆದಿರುತ್ತದೆ. ನಿಮ್ಮ ವಿಷಯದಲ್ಲಿ ಆ 'ನನಗೆ' ಎಂಬ ಜಾಗದಲ್ಲಿ ಮಗಳು ಬಂದು ಕೂತಿದ್ದಾಳೆ. ಅವಳು ಪಿ.ಜಿ.ಗೆ ಹೋದದ್ದೂ ನೀವು ಸಿನಿಮಾದಿಂದ ನಿಜದ ಕೊಲೆಗಳಿಗೆ ಹೊರಳಿದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ನಿಮ್ಮ ಪತ್ರದಲ್ಲೇ ಅದಿದೆ.

ಹಾಗಾದರೆ ನೋಡುವುದರಿಂದ ಲಾಭವೇ ಅಲ್ಲವೇ ಎಂದು ಕೇಳಬಹುದು. ಲಾಭ ಆಗುತ್ತಿತ್ತು, ಆದರೆ ನೀವು ಪಾಠ ಕಲಿಯುತ್ತಿರುವುದು ತಪ್ಪು ಜಾಗದಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದರಲ್ಲಿ ಹತ್ತು ಸಾವಿರದ ಹತ್ತಿರ ಪ್ರಕರಣಗಳಿಗೆ ಕಾರಣ ಜಗಳ-ವ್ಯಾಜ್ಯ. ಹೊಲದ ಬದು, ಕುಡಿತ, ಪಾಲು ಪಟ್ಟಿ ಇಂಥವು. ಹಣಕ್ಕಾಗಿ, ಲಾಭಕ್ಕಾಗಿ ಆದವು ಎರಡು ಸಾವಿರದೊಳಗೆ. ಬದುವಿನ ಜಗಳದ ಮೇಲೆ ಯಾರೂ ನಾಲ್ಕು ಕಂತಿನ ಸರಣಿ ತೆಗೆಯುವುದಿಲ್ಲ. ಸಾವಿರದಲ್ಲಿ ಒಂದು ವಿಚಿತ್ರ ಕೊಲೆಯನ್ನು ಹುಡುಕಿ, ಹಿನ್ನೆಲೆ ಸಂಗೀತ ಹಾಕಿ ನಿಮ್ಮ ಮುಂದೆ ಇಡುತ್ತಾರೆ. ದಿನಾ ಅದನ್ನೇ ಕಂಡ ಮನಸ್ಸಿಗೆ ಊರ ತುಂಬ ಅದೇ ನಡೆಯುತ್ತಿದೆ ಅನ್ನಿಸಿದರೆ ಆಶ್ಚರ್ಯವೇನು?

ಇನ್ನು ಚಿಲಕದ ಮಾತು. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣದ ಮೇಲೆ 2023ರಲ್ಲಿ ಬಂದ 'ಡ್ಯಾನ್ಸಿಂಗ್ ಆನ್ ದ ಗ್ರೇವ್' ನೀವು ನೋಡಿಯೇ ಇರುತ್ತೀರಿ. 1991ರಲ್ಲಿ ಕಾಣೆಯಾದ ಹೆಂಡತಿಯ ದೇಹ ಮೂರು ವರ್ಷದ ಮೇಲೆ ಅವಳದೇ ಮನೆಯ ಅಂಗಳದಲ್ಲಿ ಸಿಕ್ಕಿತು. ಹೂತವನು ಚಿಲಕ ಮುರಿದು ಒಳಗೆ ಬಂದವನಲ್ಲ, ಬೀಗದ ಕೈ ಇಟ್ಟುಕೊಂಡಿದ್ದ ಗಂಡ.

ಇನ್ನೊಂದು ನಮ್ಮ ಕರಾವಳಿಯದೇ, ಸಯನೈಡ್ ಮೋಹನ್‌ನ ಪ್ರಕರಣ. ಸೋನಾಕ್ಷಿ ಸಿನ್ಹಾ ನಟಿಸಿದ 'ದಹಾಡ್' ಸರಣಿಯಲ್ಲಿ ಇದರ ಛಾಯೆ ಇದೆ. ಮೋಹನ್ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದವನು. 2003ರಿಂದ 2009ರ ನಡುವೆ ಹೆಣ್ಣುಮಕ್ಕಳನ್ನು ಮದುವೆಯ ಮಾತಾಡಿ ಕರೆದುಕೊಂಡು ಹೋಗಿ, ಗರ್ಭ ನಿಲ್ಲದ ಮಾತ್ರೆ ಎಂದು ಸಯನೈಡ್ ಕೊಟ್ಟ. ಅವರಲ್ಲಿ ಬಹುತೇಕರು ಸತ್ತದ್ದು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ. ಇಪ್ಪತ್ತು ಪ್ರಕರಣಗಳಲ್ಲಿ ಕೆಳ ನ್ಯಾಯಾಲಯ ಅವನನ್ನು ಅಪರಾಧಿ ಎಂದಿತು. ಇದನ್ನು ನೋಡಿ ಅನೇಕರು ಅವನೆಷ್ಟು ಚಾಲಾಕಿ ಎಂದೇ ಮಾತಾಡುತ್ತಾರೆ. ನನಗೆ ಕಾಡುವುದು ಬೇರೆ. ಅಷ್ಟು ವರ್ಷ ಅವನು ಸಿಕ್ಕಿಬೀಳದಿದ್ದುದರಲ್ಲಿ ಅವನ ಬುದ್ಧಿಗಿಂತ ನಮ್ಮ ಮನೆಗಳ ಮೌನದ ಪಾಲು ದೊಡ್ಡದು. ವರದಕ್ಷಿಣೆ ಹೊಂದಿಸಲಾಗದೆ ಮದುವೆ ನಿಂತ ಹುಡುಗಿ, ಏನೂ ಬೇಡ ಎಂದು ಬಂದ ಗಂಡಸು. ಮನೆಯಲ್ಲಿ ಹೇಳಿದರೆ ಬೈಗುಳ. ಹೋದ ಮೇಲೆ, ಯಾರ ಜೊತೆಗೋ ಓಡಿಹೋದಳು ಎಂದು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡ ಮನೆಯವರೂ ಇದ್ದರು.

ಈಗ ನಿಮ್ಮ ಮಗಳ ಕಡೆ ನೋಡಿ. ಏಳೆಂಟು ಫೋನಿನಲ್ಲಿ ನೀವು ಕೇಳುವುದು ಎಲ್ಲಿದ್ದೀ, ಯಾರ ಜೊತೆ ಇದ್ದೀ, ರೂಮು ಸೇರಿದೆಯಾ ಎಂದು. ಅವಳಿಗೆ ಅದು ವಿಚಾರಣೆಯ ಹಾಗೆ ಕೇಳಿಸುತ್ತದೆ. ಅದಕ್ಕೇ ಲೊಕೇಶನ್ ಆರಿತು. ಮುಂದಿನ ಹಂತದಲ್ಲಿ ಸುಳ್ಳು ಶುರುವಾಗುತ್ತದೆ, ಗೆಳತಿಯ ಮನೆಯಲ್ಲಿದ್ದೇನೆ ಅನ್ನುವ ಸಣ್ಣ ಸುಳ್ಳು. ಬೆಂಗಳೂರಿನಲ್ಲಿರುವ ಹುಡುಗಿಗೆ ನಿಮ್ಮ ಚಿಲಕ ಕಾವಲಲ್ಲ. ಆಫೀಸಿನಲ್ಲಿ ಒಬ್ಬ ಹಿಂದೆ ಬಿದ್ದಿದ್ದಾನೆ, ಇಷ್ಟಪಟ್ಟವನು ದುಡ್ಡು ಕೇಳುತ್ತಿದ್ದಾನೆ, ಆದದ್ದನ್ನು ಹೇಳಲು ನಾಚಿಕೆಯಾಗುತ್ತಿದೆ—ಇಂಥ ಹೊತ್ತಿನಲ್ಲಿ 'ಅಮ್ಮನಿಗೆ ಹೇಳಿದರೆ ಮೊದಲು ಕೂಗಾಡುವುದಿಲ್ಲ' ಎಂಬ ಧೈರ್ಯ ಇದ್ದರೆ ಅದೇ ಕಾವಲು. ಒಂದು ವಾರ ದಿನಕ್ಕೆ ಒಂದೇ ಫೋನ್, ಅವಳು ಹೇಳಿದ ಹೊತ್ತಿಗೆ. ಅದರಲ್ಲಿ ಪ್ರಶ್ನೆ ಕಡಿಮೆ ಮಾಡಿ, ನಿಮ್ಮ ಸುದ್ದಿ ಹೇಳಿ: ಅಂಗಡಿಗೆ ಬಂದ ತಲೆಹರಟೆ ಗಿರಾಕಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಹೊಟ್ಟೆ ಕೆಡಿಸಿಕೊಂಡದ್ದು. ಲೊಕೇಶನ್ ಮತ್ತೆ ಹಾಕು ಎಂದು ಕೇಳಬೇಡಿ. ರಾತ್ರಿ ಪಾಳಿಯೋ ಪ್ರಯಾಣವೋ ಇದ್ದ ದಿನ ಮಾತ್ರ ಹಂಚಿಕೊಳ್ಳಲು ಅವಳು ತಾನಾಗಿ ಒಪ್ಪಿದರೆ ಸಾಕು. 112 ಅವಳ ಫೋನಿನಲ್ಲಿರಲಿ, ಪಿ.ಜಿ.ಯ ಒಬ್ಬ ಗೆಳತಿಯ ನಂಬರ್ ನಿಮ್ಮಲ್ಲಿರಲಿ. ಆ ನಂಬರಿಗೆ ಸುಮ್ಮಸುಮ್ಮನೆ ಫೋನ್ ಮಾಡಿ ಹುಡುಗಿಯ ಮಾನ ಕಳೆಯಬೇಡಿ ಮತ್ತೆ!

ಗ್ರೂಪಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಅಷ್ಟು ಮೆದುವಾಗಿ ಮಾತಾಡಲಾರೆ. ಸಿನಿಮಾದ ಕೊಲೆಯಲ್ಲಿ ಸತ್ತವಳು ಶಾಟ್ ಮುಗಿದ ಮೇಲೆ ಎದ್ದು ಕಾಫಿ ಕುಡಿಯುತ್ತಾಳೆ. ನಿಮ್ಮ ಕಡೆ ಸತ್ತವಳ ಮನೆಯಲ್ಲಿ ಹದಿಮೂರನೆಯ ದಿನದ ಊಟವೂ ಆಗುವ ಮೊದಲೇ 'ಗಂಡನೇ ಮಾಡಿರ್ತಾನೆ', 'ಅವಳದ್ದೂ ಏನೋ ಇರಬೇಕು' ಎಂದು ನೀವೆಲ್ಲ ಬರೆದಿರಿ ಎಂದುಕೊಳ್ಳುತ್ತೇನೆ. ಯಾವ ಗ್ರೂಪಿನಲ್ಲಾದರೂ ಇದೇ ಎರಡು ಸಾಲು ಇರುತ್ತವೆ. ಎರಡನೆಯದು ಸತ್ತವಳ ನಡತೆಯ ಮೇಲೆ ಬರೆದ ಷರಾ, ಅದಕ್ಕೆ ಉತ್ತರ ಕೊಡಲು ಅವಳಿಲ್ಲ. ಸಾಕ್ಷ್ಯಚಿತ್ರಗಳಿಂದಲೇ ಈ ಚಾಳಿ ಹತ್ತುತ್ತದೆ ಎಂದು ನನಗೆ ಅನುಮಾನ: ಕೆಲವದರಲ್ಲಿ ಕೊಂದವನೇ ಕ್ಯಾಮೆರಾ ಮುಂದೆ ಕೂತು ತನ್ನ ಕಥೆ ಹೇಳುತ್ತಾನೆ, ಸತ್ತವರ ಪಾಲಿಗೆ ಬರುವುದು ಹಳೇ ಆಲ್ಬಮ್ಮಿನ ನಾಲ್ಕು ಫೋಟೋ. ಲೈಂಗಿಕ ಅಪರಾಧವಾಗಿದ್ದರೆ ನೊಂದವಳ ಗುರುತು ಹರಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು. ಬಂದ ಫೋಟೋ ಮುಂದೆ ಕಳಿಸುವ ಮೊದಲು ನಿಮ್ಮ ಗೆಳತಿಯರಿಗೆ ಇದು ಗೊತ್ತಿರಲಿ.

ಗ್ರೂಪ್ ಬಿಟ್ಟ ಗೆಳತಿಗೆ ಮೆಸೇಜ್ ಹಾಕಬೇಡಿ, ಮನೆಗೇ ಹೋಗಿ. 'ನಮಗೆ ಗೊತ್ತಿರಲಿಲ್ಲ' ಎಂಬ ಸಮರ್ಥನೆ ಬೇಡ. ಗೊತ್ತಿಲ್ಲದವರ ಮನೆಯ ಸಾವಾಗಿದ್ದರೆ ಸರಿ ಎಂಬ ಅರ್ಥ ಬಂದುಬಿಡುತ್ತದೆ. ತಪ್ಪಾಯಿತು ಅನ್ನಿ. ಅವಳು ಸತ್ತವಳ ಬಗ್ಗೆ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಕೇಸ್ ಎಲ್ಲಿಗೆ ಬಂತು ಎಂದು ವಿಚಾರಿಸಬೇಡಿ. ವಾಪಸ್ ಗ್ರೂಪಿಗೆ ಕರೆಯಬೇಡಿ, ಬರುವುದಿದ್ದರೆ ಬರುತ್ತಾಳೆ. ಉಳಿದ ಐವರೂ ಸೇರಿ, ತನಿಖೆ ನಡೆಯುತ್ತಿರುವ ಕೇಸಿನ ಚರ್ಚೆ ಬೇಡ ಎಂದು ಮಾತಾಡಿಕೊಳ್ಳಿ. ಗ್ರೂಪ್ ಮುಚ್ಚುವ ಅಗತ್ಯವಿಲ್ಲ. ಕೊಲೆಯಿಲ್ಲದ ಸಸ್ಪೆನ್ಸ್ ಬೇಕೆಂದರೆ ಸುನೀಲ್ ಕುಮಾರ್ ದೇಸಾಯಿಯವರ 1995ರ 'ಬೆಳದಿಂಗಳ ಬಾಲೆ' ಇದೆಯಲ್ಲ. ಫೋನಿನಲ್ಲಿ ಬರುವ ಒಂದು ಹೆಣ್ಣು ದನಿಯ ಹಿಂದೆ ಅನಂತನಾಗ್ ಅಲೆಯುವುದನ್ನು ನೋಡುತ್ತಾ ಕುರ್ಚಿಯ ತುದಿಗೆ ಬಂದಿರುತ್ತೇವೆ.

ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಬಿಡುವುದಿಲ್ಲ. ಸಿನಿಮಾ ಆದರೆ ಎರಡೂವರೆ ಗಂಟೆಗೆ ಗಂಟು ಬಿಚ್ಚಿಕೊಂಡು ಮನಸ್ಸೂ ಸಡಿಲಾಗುತ್ತದೆ. ಸರಣಿ ಹಾಗಲ್ಲ, ಪ್ರತಿ ಕಂತಿನ ಕೊನೆಗೂ ಹೊಸ ಗಂಟು ಹಾಕಿ ಕಳಿಸುತ್ತದೆ. ಮೊಬೈಲಿನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ಇವತ್ತೇ ಆಫ್ ಮಾಡಿ. ನಿಜದ ಕೊಲೆಗಳು ಹಗಲಿಗೆ ಮಾತ್ರ, ಟೀವಿಯಲ್ಲಿ, ಇಯರ್‌ಫೋನ್ ಇಲ್ಲದೆ. ಕತ್ತಲಲ್ಲಿ ಕಿವಿಯೊಳಗೆ ಪಿಸುಗುಟ್ಟಿದ ಕಥೆ ಬೇರೆ, ಸೊಪ್ಪು ಸೋಸುತ್ತಾ ಕೇಳಿದ ಕಥೆ ಬೇರೆ. ರಾತ್ರಿ ಚಿಲಕವನ್ನು ಒಮ್ಮೆ ಹಾಕಿ, 'ಹಾಕಿದೆ' ಎಂದು ಬಾಯಿಬಿಟ್ಟು ಹೇಳಿ ಬಂದು ಮಲಗಿ. ಎದ್ದು ನೋಡಬೇಕೆನ್ನಿಸಿದರೆ ಹತ್ತು ನಿಮಿಷ ತಡೆಯಿರಿ. ಎದ್ದು ನೋಡಿದಷ್ಟೂ ಮನಸ್ಸು ಮತ್ತೊಮ್ಮೆ ನೋಡು ಎನ್ನುತ್ತದೆ.

ಇನ್ನೊಂದು ಮಾತು, ನಿಮ್ಮ ವಯಸ್ಸು ಓದಿದ್ದರಿಂದ ಹೇಳುತ್ತಿದ್ದೇನೆ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ನಿದ್ದೆ ಕೆಡುವುದು, ಎದೆ ಹೊಡೆದುಕೊಳ್ಳುವುದು, ಸುಮ್ಮನೆ ದಿಗಿಲಾಗುವುದು ಬಹಳ ಜನರಿಗೆ ಇರುತ್ತದೆ. ಥೈರಾಯ್ಡ್ ಏರುಪೇರಾದರೂ ಹೀಗೇ. ಎಲ್ಲದಕ್ಕೂ ಸೀರಿಯಲ್ ಕಿಲ್ಲರನ್ನೇ ಹೊಣೆ ಮಾಡುವುದು ಬೇಡ. ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ಎರಡು ಮೂರು ವಾರ ರಾತ್ರಿ ನೋಡುವುದನ್ನು ನಿಲ್ಲಿಸಿದ ಮೇಲೂ ಭಯ ಹೀಗೇ ಇದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ಬೇಕಾದರೆ ನಿಮ್ಮ ಜಿಲ್ಲೆಯಲ್ಲೇ ಮನೋವೈದ್ಯರು ಎಲ್ಲಿ ಸಿಗುತ್ತಾರೆಂದು ತಿಳಿಸುತ್ತಾರೆ. ವೈದ್ಯರಲ್ಲಿಗೆ ಹೋಗುವಾಗ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. 'ತಲಿ ಕೆಟ್ಟೈತಿ' ಅನ್ನುವ ಮಾತಿಗೆ ವೈದ್ಯರೇ ಉತ್ತರ ಕೊಡಲಿ.