ನಿಮ್ಮ ಮೈಬಣ್ಣ ಡಬ್ಬಿಯಲ್ಲಿಲ್ಲ

ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ ಒಂದು ತಿಳಿಗುಲಾಬಿ ಪೆನ್ಸಿಲ್ ಇರುತ್ತದೆ. ಮಕ್ಕಳು ಅದನ್ನು ‘ಸ್ಕಿನ್ ಕಲರ್’ ಎನ್ನುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಇಂದೂರಿನ ಸುತ್ತಲಿನ ಮುಂಡಗೋಡ, ಹಳಿಯಾಳ ಸೀಮೆಯಲ್ಲಿ ಆಫ್ರಿಕಾ ಮೂಲದ ಸಿದ್ದಿಯರಿದ್ದಾರೆ, ಎಮ್ಮೆ ಸಾಕುವ ಗೌಳಿಗರಿದ್ದಾರೆ, 1966ರಲ್ಲಿ ಶುರುವಾದ ಕ್ಯಾಂಪಿನಲ್ಲಿ ಟಿಬೆಟನ್ನರಿದ್ದಾರೆ, ಬಿಸಿಲುಂಡ ರೈತರಿದ್ದಾರೆ. ಇವರೆಲ್ಲರಿಗೂ ಅದೊಂದೇ ಪೆನ್ಸಿಲ್ ಸಾಲುವುದೇ? ಅಮೆರಿಕದ ಕ್ರೇಯೋಲಾ ಕಂಪನಿ ‘ಫ್ಲೆಶ್’ ಎಂಬ ಬಳಪದ ಹೆಸರನ್ನು 1962ರಲ್ಲೇ ‘ಪೀಚ್’ ಎಂದು ಬದಲಿಸಿತು. ನಮ್ಮಲ್ಲಿ ಆ ಮಾತು ಇನ್ನೂ ಹೋಗಿಲ್ಲ. ಕಪ್ಪು ಮೈಯ ಮಗು ತನ್ನ ಮುಖಕ್ಕೆ ಆ ಗುಲಾಬಿ ತುಂಬುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಾಗಿ ನಿಮ್ಮದೇ ಮುಖ ಬಿಡಿಸುವ ಮೊದಲು ಬಣ್ಣ ಬೆರೆಸಿ. ಪೋಸ್ಟರ್ ಕಲರಿನ ಕೆಂಪು, ಹಳದಿ ಸೇರಿಸಿ, ಕಡ್ಡಿಯ ತುದಿಯಷ್ಟು ನೀಲಿ ಹಾಕಿದರೆ ಕಂದು ಬರುತ್ತದೆ. ತಿಳಿಯಾಗಬೇಕೆಂದರೆ ಬಿಳಿ, ಗಾಢವಾಗಬೇಕೆಂದರೆ ಇನ್ನಷ್ಟು ನೀಲಿ. ಕಪ್ಪು ಬಳಿದುಬಿಟ್ಟರೆ ಚರ್ಮದ ಕಳೆ ಹೋಗುತ್ತದೆ, ಅವಸರ ಬೇಡ. ಮುಂಗೈ ಮೇಲೆ ಒಂದು ಚುಕ್ಕೆ ಇಟ್ಟು ಒಣಗಲು ಬಿಡಿ. ಚುಕ್ಕೆ ಎಲ್ಲಿದೆ ಎಂದು ಹುಡುಕುವಂತಾದರೆ ನಿಮ್ಮ ಬಣ್ಣ ಸಿಕ್ಕಿತು. ಅಂಗೈಗೆ, ಕೆನ್ನೆಗೆ, ಕತ್ತಿನ ಹಿಂಬದಿಗೆ ಬೇರೆ ಬೇರೆ ಬೆರಕೆ ಬೇಕಾಗುತ್ತದೆ. ಒಂದು ಸಂಜೆ ಇದಕ್ಕೇ ಹೋದರೂ ಹೋಗಲಿ.

ಮರುದಿನ ಕನ್ನಡಿ ಮುಂದೆ ಕೂತು ಇದ್ದಿಲಿನಲ್ಲಿ ಗೆರೆ ಎಳೆಯಿರಿ. ಕಣ್ಣು ತಲೆಯ ಎತ್ತರದ ನಟ್ಟನಡುವೆ ಇರುತ್ತದೆ, ಹೊಸಬರು ಹಣೆಗೆ ಹತ್ತಿಸಿಬಿಡುತ್ತಾರೆ. ಗಾಯದ ಕಲೆ, ಸೊಟ್ಟ ಹಲ್ಲು ಬಿಡಬೇಡಿ.

ಹಿನ್ನೆಲೆಗೆ ನಿಮ್ಮ ಅಂಗಳದ ಕೆಮ್ಮಣ್ಣೇ ಇರಲಿ. ನೀರಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ಕೆಸರುನೀರು ಬಸಿದಿಡಿ. ರಾತ್ರಿ ಕಳೆದು ಅಡಿಯಲ್ಲಿ ಕೂತ ನುಣ್ಣನೆಯ ಮಣ್ಣಿಗೆ ಜಾಲಿ ಅಂಟು ಬೆರೆಸಿದರೆ ಬಣ್ಣ ತಯಾರು. ಇದೇ ಜಿಲ್ಲೆಯ ಸಿದ್ದಾಪುರ, ಶಿರಸಿ ಕಡೆ ದೀವರ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ.

ಆ ಕೆಂಪಿನ ಮೇಲೆ ನಿಮ್ಮ ಮನೆಯದೇ ಗುರುತೊಂದನ್ನು ಇಡಿ. ಸಿದ್ದಿ ಹೆಂಗಸರು ಹಳೆ ಸೀರೆ ತುಂಡುಗಳಿಂದ ಕೌದಿ ಹೊಲಿದು, ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ‘ಫುಲಾ’ ಕೂರಿಸುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬ ಭಾವನೆ ಅವರದು. ನಿಮ್ಮ ಚಿತ್ರದ ಮೂಲೆಗಳಿಗೆ ಏನು ಬರಬೇಕು? ಅಜ್ಜಿಯ ಸೀರೆಯ ಅಂಚೋ, ಎಮ್ಮೆಯ ಕೊರಳ ಗಂಟೆಯೋ, ಅದು ನಿಮಗೇ ಗೊತ್ತು.

ಕಣ್ಣನ್ನು ಕೊನೆಗೆ ಬರೆಯಿರಿ. ಟಿಬೆಟನ್ ತಂಗ್ಕಾ ಕಲಾವಿದರು ಮಾಡುವುದೂ ಹಾಗೆಯೇ. ಅವರು ಅಳತೆಯ ಗೆರೆಗಳಿಗೆ ಕಟ್ಟುಬಿದ್ದು ದೇವತೆಯನ್ನು ಬರೆಯುತ್ತಾರೆ, ಸಾಂಪ್ರದಾಯಿಕವಾಗಿ ಹೆಸರು ಹಾಕುವುದಿಲ್ಲ. ನೀವು ಬರೆಯುತ್ತಿರುವುದು ನಿಮ್ಮನ್ನೇ. ಹಾಳೆಯ ಹಿಂಬದಿಗೆ ಹೆಸರು, ತಾರೀಕು, ಮಣ್ಣು ಎಲ್ಲಿಯದೆಂದು ಬರೆದು, ಮೈಬಣ್ಣದ ಬೆರಕೆಯ ಒಂದು ಚುಕ್ಕೆಯನ್ನೂ ಇಟ್ಟುಬಿಡಿ.