ಕಾಲುವೆಯ ಮೇಲೆ, ಕಾಲುವೆಯ ಕೆಳಗೆ

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆ ನಮ್ಮ ನಾಡಿನಲ್ಲಿ ಹಳೆಯದು. ಗಾದೆಯನ್ನು ಕಟ್ಟಿದವರ ಮನಸ್ಸಿನಲ್ಲಿದ್ದುದು ಕನಕಾಚಲಪತಿ ದೇವಾಲಯದ ಶಿಲ್ಪವೈಭವ. ಆದರೆ ಕಣ್ಣುಳ್ಳವನಿಗೆ ಅಲ್ಲಿ ಮತ್ತೊಂದು ನೋಟವೂ ಉಂಟು. ಗಂಗಾವತಿಯನ್ನು ಬಿಟ್ಟು ಕನಕಗಿರಿಯತ್ತ ಸಾಗಿದಂತೆ ಭತ್ತದ ಹಸಿರು ಹಿಂದೆ ಸರಿದು, ಮಳೆಯನ್ನೇ ನಂಬಿದ ಖುಷ್ಕಿ ಭೂಮಿ ಎದುರಾಗುತ್ತದೆ. ದಾರಿ ದೂರದ್ದಲ್ಲ; ಬದುಕಿನ ರೀತಿಯೇ ಬೇರೆ.

1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಎಡದಂಡೆ ಕಾಲುವೆಯಲ್ಲಿ ಹರಿಯತೊಡಗಿತು. ನೀರು ತಗ್ಗಿಗೆ ಹರಿಯುವುದಷ್ಟೆ. ಕಾಲುವೆಯ ಕೆಳಗಿದ್ದ ಗಂಗಾವತಿ, ಕಾರಟಗಿ, ಸಿಂಧನೂರುಗಳ ಬಯಲು ಭತ್ತದ ಕಣಜವಾಯಿತು. ಅಕ್ಕಿಯ ಗಿರಣಿಗಳು ಎದ್ದವು. ಆಂಧ್ರದಿಂದ ಬಂದ ಕೃಷಿಕರು ‘ಕ್ಯಾಂಪು’ಗಳೆಂಬ ಹೊಸ ಊರುಗಳನ್ನೇ ಕಟ್ಟಿದರು. ಎತ್ತರದ ಕುಷ್ಟಗಿ, ಯಲಬುರ್ಗಾಗಳ ರೈತ ಮಾತ್ರ ಎಂದಿನಂತೆ ಮುಗಿಲನ್ನು ನೋಡುತ್ತ ಉಳಿದ. ಇವನ ದುಡಿಮೆಯಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು.

ಅಭಿವೃದ್ಧಿಯನ್ನು ಒಂದು ಪಾಠವಿಷಯವಾಗಿ ಅಭ್ಯಸಿಸುವವರು ಇಂತಹ ಅಂತರವನ್ನು ಅಳೆಯಲು ಕಲಿಯಬೇಕಾಗುತ್ತದೆ. ಒಂದು ದೇಶದ ಒಟ್ಟು ವರಮಾನವನ್ನು ಜನಸಂಖ್ಯೆಯಿಂದ ಭಾಗಿಸಿ, ಬಂದ ಲಬ್ಧವನ್ನೇ ಪ್ರಗತಿಯ ಅಳತೆಯೆಂದು ಬಹುಕಾಲ ಎಣಿಸಲಾಗುತ್ತಿತ್ತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರಿಗೆ ಇದು ಸಾಲದೆನಿಸಿತು. ಅಮರ್ತ್ಯ ಸೇನ್ ಮೊದಲಾದವರ ನೆರವಿನಿಂದ ಅವರು ರೂಪಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವು 1990ರಲ್ಲಿ ಪ್ರಕಟವಾಯಿತು. ಅದು ವರಮಾನದ ಜೊತೆಗೆ ಜನರ ಆಯುಸ್ಸನ್ನೂ ವಿದ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕರ್ನಾಟಕವೂ 1999ರಲ್ಲಿ ಇಂತಹ ವರದಿಯೊಂದನ್ನು ಹೊರತಂದಿತು.

ದೇಶ ದೇಶಗಳ ನಡುವೆ ಇರುವ ಅಂತರ ಒಂದೇ ರಾಜ್ಯದೊಳಗೂ ಇರಬಹುದೆಂಬುದನ್ನು ಅಂಕೆಗಳಲ್ಲಿ ತೋರಿಸಿದವರು ಡಿ. ಎಂ. ನಂಜುಂಡಪ್ಪನವರು. ಅವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿಯನ್ನು ಸಲ್ಲಿಸಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದಾಗ 114 ತಾಲ್ಲೂಕುಗಳು ಹಿಂದುಳಿದವೆಂದು ಕಂಡುಬಂದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೇ ಸೇರಿದ್ದವು. ಕುಷ್ಟಗಿ, ಯಲಬುರ್ಗಾ ಅವುಗಳಲ್ಲಿ ಎರಡು.

ಇದಕ್ಕೆ ಮಳೆಯೊಂದೇ ಕಾರಣವಲ್ಲ. ಮೈಸೂರು ಸಂಸ್ಥಾನದಲ್ಲಿ 1916ರಷ್ಟು ಹಿಂದೆಯೇ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿತ್ತು; ಗುಲ್ಬರ್ಗಾ ವಿಶ್ವವಿದ್ಯಾನಿಲಯ ಆರಂಭವಾದುದು 1980ರಲ್ಲಿ. ಈ ಕೊರತೆಯನ್ನು ತುಂಬುವ ಸಲುವಾಗಿಯೇ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371 (ಜೆ) ವಿಧಿಯನ್ನು ಸೇರಿಸುವ ತಿದ್ದುಪಡಿಯನ್ನು ಅಂಗೀಕರಿಸಿ, ಶಿಕ್ಷಣ ಹಾಗೂ ಉದ್ಯೋಗಗಳಲ್ಲಿ ಇಲ್ಲಿಯವರಿಗೆ ಮೀಸಲಾತಿಗೆ ಅವಕಾಶ ಕಲ್ಪಿಸಿತು.

ಸರಾಸರಿ ಎಂಬುದು ಬಲು ಉಪಯುಕ್ತವಾದ ಸಾಧನ. ಮರೆಮಾಚುವುದರಲ್ಲಿಯೂ ಅಷ್ಟೇ ನಿಪುಣ! ಸಮಿತಿಯ ಕಾಲದಲ್ಲಿ ಕನಕಗಿರಿ ಗಂಗಾವತಿ ತಾಲ್ಲೂಕಿನ ಭಾಗವಾಗಿತ್ತು. ಕಾರಟಗಿಯ ಭತ್ತವೂ ಕನಕಗಿರಿಯ ಬರವೂ ಒಂದೇ ಅಂಕೆಯಲ್ಲಿ ಬೆರೆತುಹೋದವು. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ 68. ರಾಜ್ಯದ್ದು ಸುಮಾರು 75. ಅದೇ 68ನ್ನು ಬಿಡಿಸಿ ನೋಡಿದರೆ ಗಂಡಸರು ಸುಮಾರು 78, ಹೆಂಗಸರು 58ಕ್ಕೂ ಕಡಿಮೆ. ಹತ್ತು ಹೆಂಗಸರಲ್ಲಿ ನಾಲ್ವರಿಗೆ ಅಕ್ಷರವಿಲ್ಲ.

ಮಳೆ ಕೈಕೊಟ್ಟ ವರ್ಷ ಖುಷ್ಕಿ ಸೀಮೆಯ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಭತ್ತದ ನಾಟಿಗೆಂದು ಕಾಲುವೆಯ ಕೆಳಗಿನ ಗದ್ದೆಗಳಿಗೆ, ಕೆಲವರು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ, ಗೋವೆಗೆ. ಮನೆಗೆ ಬೀಗ ಬಿದ್ದಾಗ ಮಗುವೂ ತಾಯಿಯ ಹಿಂದೆ ನಡೆಯುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ಹೆಸರು ಉಳಿದಿರುತ್ತದೆ. ಹೆಸರಿನ ಮುಂದಿನ ಮನೆಗಳು ತಿಂಗಳುಗಟ್ಟಲೆ ಖಾಲಿಯಾಗಿರುತ್ತವೆ.